ಕೋಟೆಯ ಕಾವಲು, ಠಾಣೆಯ ಬಾಗಿಲು

ಚಿತ್ರದುರ್ಗದ ಕೋಟೆಯನ್ನು ನೋಡಬಂದವರಲ್ಲಿ ಓಬವ್ವನ ಕಿಂಡಿಯ ಮುಂದೆ ಒಂದು ಗಳಿಗೆಯಾದರೂ ನಿಲ್ಲದೆ ಹಿಂದಿರುಗುವವರು ವಿರಳ. ಮನುಷ್ಯನೊಬ್ಬನು ಮೈ ಮುದುಡಿಕೊಂಡು ನುಸುಳಬಹುದಾದ ಆ ಇಕ್ಕಟ್ಟಿನಲ್ಲಿ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದವಳು ರಾಣಿಯಲ್ಲ, ದಳವಾಯಿಯ ಮಡದಿಯೂ ಅಲ್ಲ. ಊಟಕ್ಕೆಂದು ಮನೆಗೆ ಬಂದ ಕಾವಲುಗಾರನೊಬ್ಬನ ಹೆಂಡತಿ. ಗಂಡನು ಉಣ್ಣುವಷ್ಟು ಹೊತ್ತು ಕೋಟೆಯ ಕಾವಲು ತನ್ನದೆಂದು ಆಕೆ ಬಗೆದಳೆಂಬುದೇ ಆ ಕಥೆಯ ಸೊಬಗು. ಜಿಲ್ಲೆಯ ಪೋಲೀಸರು ತಮ್ಮ ಮಹಿಳಾ ತಂಡಕ್ಕೆ ‘ಓಬವ್ವ ಪಡೆ’ ಎಂದು ಹೆಸರಿಟ್ಟದ್ದು ಉಚಿತವಾಗಿಯೇ ಇದೆ.

ಕಾವಲುಗಾರನೂ ಊರೂ ಒಂದಾಗಿದ್ದ ಕಾಲದ ಕಥೆ ಇದು. ಅವರು ಎದುರುಬದುರಾಗಿ ನಿಂತ ಕಾಲವನ್ನು ಅರಿಯಬೇಕಾದರೆ ಕೋಟೆಯಿಂದಿಳಿದು ಅದೇ ತಾಲ್ಲೂಕಿನ ತುರುವನೂರಿಗೆ ಹೋಗಬೇಕು. ಕಪ್ಪು ಮಣ್ಣಿನ ಬಯಲು, ದೂರ ದೂರದ ಊರುಗಳು. ಕಣ್ಣು ಸೆಳೆಯುವ ನೋಟವೇನೂ ಇಲ್ಲ. ಆದರೆ 1939ರಲ್ಲಿ ಮೈಸೂರು ಸಂಸ್ಥಾನದ ಗಮನವೆಲ್ಲ ಈ ಊರಿನ ಮೇಲಿದ್ದಿತು.

ಅದಕ್ಕೆ ಹಿಂದಿನ ವರ್ಷ, 1938ರ ಏಪ್ರಿಲ್ 25ರಂದು, ವಿದುರಾಶ್ವತ್ಥದಲ್ಲಿ ಧ್ವಜವನ್ನೇರಿಸಲು ನೆರೆದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದ್ದರು. ಸತ್ತವರ ಎಣಿಕೆಯಲ್ಲೇ ಸರಕಾರಕ್ಕೂ ಪ್ರಜೆಗಳಿಗೂ ಒಮ್ಮತವಾಗಲಿಲ್ಲ: ಸರಕಾರದ ಲೆಕ್ಕ 10, ಜನರ ಲೆಕ್ಕ 30ಕ್ಕೂ ಮೇಲು. ಮದರಾಸಿನ ನಿವೃತ್ತ ನ್ಯಾಯಾಧೀಶ ವೇಪಾ ರಾಮೇಶಂ ಅವರ ವಿಚಾರಣಾ ಸಮಿತಿ ನೇಮಕವಾಯಿತು. ಪೋಲೀಸರ ನಡತೆಯನ್ನು ಪೋಲೀಸರೇ ಅಳೆಯಲಾಗದು, ಹೊರಗಿನವರು ಅಳೆಯಬೇಕೆಂಬ ಬೇಡಿಕೆ ಈ ನಾಡಿಗೆ ನಿನ್ನೆ ಮೊನ್ನೆ ಬಂದದ್ದಲ್ಲ.

ಆ ಗಾಯ ಮಾಯುವ ಮೊದಲೇ ತುರುವನೂರಿನ ಅರಣ್ಯ ಸತ್ಯಾಗ್ರಹ ನಡೆಯಿತು. ಹೆಂಡಕ್ಕೆ ಮೂಲವಾದ ಈಚಲು ಮರಗಳನ್ನು ಸತ್ಯಾಗ್ರಹಿಗಳು ಕಡಿದರು. ಮರಕ್ಕೆ ಬಿದ್ದ ಕೊಡಲಿಯೇಟು ಅಬಕಾರಿಯ ಬೊಕ್ಕಸಕ್ಕೂ ಅರಣ್ಯದ ಕಾನೂನಿಗೂ ಬಿದ್ದಿತು. ಸೆರೆಯಾದವರಲ್ಲಿ ಚಿತ್ರದುರ್ಗದ ವಕೀಲ ಎಸ್. ನಿಜಲಿಂಗಪ್ಪನವರೂ ಒಬ್ಬರು. ಶಿಕ್ಷೆಯ ಜತೆಗೆ ಅವರು ವಕೀಲಿ ವೃತ್ತಿಯ ಹಕ್ಕನ್ನೂ ಕಳೆದುಕೊಳ್ಳಬೇಕಾಯಿತು.

ಕಾಲಚಕ್ರ ಉರುಳಿತು. ಅಂದು ಪೋಲೀಸರ ಕೈಗೆ ಸಿಕ್ಕ ಸತ್ಯಾಗ್ರಹಿಯೇ ರಾಜ್ಯದ ಮುಖ್ಯಮಂತ್ರಿಯಾದರು. ಏಕೀಕರಣದಿಂದ ಒಂದಾದ ಪ್ರದೇಶಗಳಿಗೆಲ್ಲ ಒಂದೇ ಕಾನೂನು ಬೇಕೆಂದು 1963ರ ಮೈಸೂರು ಪೋಲೀಸ್ ಅಧಿನಿಯಮ ರೂಪುಗೊಂಡದ್ದು ಅವರ ಆಡಳಿತದಲ್ಲೇ. ಸಭೆ, ಮೆರವಣಿಗೆಗಳನ್ನು ತಡೆಯುವ ಅಧಿಕಾರ ಅದರಲ್ಲಿಯೂ ಉಳಿಯಿತು. ಸತ್ಯಾಗ್ರಹಿಯು ಆಳುವವನಾದ ಮಾತ್ರಕ್ಕೆ ಲಾಠಿಯ ನಿಯಮ ತಾನಾಗಿ ಬದಲಾಗುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಚಿತ್ರದುರ್ಗದ ಹೊರಗೆ ಸೀಬಾರದಲ್ಲಿರುವ ಅವರ ಸ್ಮಾರಕದ ಬಳಿ ಹೆದ್ದಾರಿಯ ವಾಹನಗಳು ಬಿಡುವಿಲ್ಲದೆ ಹರಿಯುತ್ತವೆ; ಇಳಿದು ನೋಡುವವರು ಕಡಿಮೆ.

ಇಲ್ಲಿಂದ ಹಿರಿಯೂರಿನ ಹಾದಿ. ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರವು 1933ರ ತರುವಾಯ 2022ರಲ್ಲಿ ಕೋಡಿ ಹರಿದಾಗ ಈ ಸೀಮೆಯೆಲ್ಲ ಜಾತ್ರೆಯಂತೆ ನೆರೆಯಿತು. ಭದ್ರೆಯ ನೀರಿಗಾಗಿ ಇದೇ ಸೀಮೆಯ ರೈತರು ದೀರ್ಘಕಾಲ ಧರಣಿ ಕುಳಿತವರು. ಧರಣಿಯೆಂದ ಮೇಲೆ ಬಿಸಿಲಿನಲ್ಲಿ ನಿಂತ ಪೇದೆಯೂ ಉಂಟಷ್ಟೆ! ಆತನೂ ಬಹುಮಟ್ಟಿಗೆ ರೈತನ ಮಗನೇ. 2016ರ ಜೂನ್‌ನಲ್ಲಿ ರಾಜ್ಯದ ಪೇದೆಗಳೇ ಸಂಬಳ, ರಜೆ, ಮೇಲಧಿಕಾರಿಗಳ ಕಿರುಕುಳಗಳ ದೂರನ್ನು ಮುಂದಿಟ್ಟು ಸಾಮೂಹಿಕ ರಜೆ ಹಾಕಲು ಹೊರಟಾಗ, ಅವರ ಮುಂದಾಳು ಸೆರೆಯಾದರು. ತನ್ನ ದೂರನ್ನು ಹೇಳಿಕೊಳ್ಳಲಾರದವನು ಪರರ ದೂರನ್ನು ತಾಳ್ಮೆಯಿಂದ ಕೇಳಬೇಕೆಂಬುದು ಸುಲಭದ ನಿರೀಕ್ಷೆಯಲ್ಲ.

ಜಲಾಶಯದ ಆಚೆಗೆ ಹೊಸದುರ್ಗ, ಅದರ ಉತ್ತರಕ್ಕೆ ಹೊಳಲ್ಕೆರೆ. ತೆಂಗು ಅಡಿಕೆಗಳ ನೆರಳು ಇಲ್ಲಿ ಕಣ್ಣಿಗೆ ತಂಪು. ಈ ಊರುಗಳಲ್ಲಿ, ನಾಡಿನ ಎಲ್ಲೆಡೆಯಂತೆಯೇ, ಠಾಣೆಗೆ ಹೋಗುವಾಗ ಮುಖಂಡನೊಬ್ಬನನ್ನು ಜತೆಗೆ ಕರೆದೊಯ್ಯುವ ರೂಢಿ ಇನ್ನೂ ಹೋಗಿಲ್ಲ. ಕಾನೂನು ಅದನ್ನು ಕೇಳುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಂತೆ, ಹೊಸದುರ್ಗದಲ್ಲಿ ನಡೆದ ಅಪರಾಧದ ದೂರನ್ನು ಹೊಳಲ್ಕೆರೆಯ ಠಾಣೆಯಲ್ಲಿ ಕೊಟ್ಟರೂ ಬರೆದುಕೊಳ್ಳತಕ್ಕದ್ದು. ಅದರ ಪ್ರತಿಯನ್ನು ಪುಕ್ಕಟೆಯಾಗಿ ಕೊಡತಕ್ಕದ್ದು. ಸಾಕ್ಷಿ ಹೇಳಬೇಕಾದ ಹೆಂಗಸನ್ನು ಠಾಣೆಗೆ ಬರಲೇಬೇಕೆಂದು ಕರೆಯುವಂತಿಲ್ಲ. ಆಕೆಯ ಮನೆಗೇ ಹೋಗಿ ವಿಚಾರಿಸಬೇಕು. ಇಷ್ಟನ್ನು ತಿಳಿದ ಗೃಹಿಣಿಗೆ ಮುಖಂಡನ ಹಂಗಿರುವುದಿಲ್ಲ.

ಠಾಣೆಯವರು ದೂರನ್ನು ತೆಗೆದುಕೊಳ್ಳದಿದ್ದರೆ ಚಿತ್ರದುರ್ಗದ ಎಸ್.ಪಿ. ಅವರಿಗೆ ಅಂಚೆಯಲ್ಲಿ ಕಳಿಸಬಹುದು. ಪೋಲೀಸರ ಮೇಲೆಯೇ ದೂರಿದ್ದರೆ? 1969ರಿಂದ 1972ರವರೆಗೆ ನಮ್ಮ ರಾಜ್ಯಪಾಲರಾಗಿದ್ದ ಧರ್ಮವೀರರು 1977ರಲ್ಲಿ ರಾಷ್ಟ್ರೀಯ ಪೋಲೀಸ್ ಆಯೋಗದ ಅಧ್ಯಕ್ಷರಾಗಿ ಸಂಪುಟಗಟ್ಟಲೆ ಸಲಹೆ ಬರೆದರು. ಅವು ಬೀರುವಿನಲ್ಲಿ ಮಲಗಿದವು. ನಿವೃತ್ತ ಪೋಲೀಸ್ ಅಧಿಕಾರಿ ಪ್ರಕಾಶ್ ಸಿಂಗ್ 1996ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2006ರ ಸೆಪ್ಟೆಂಬರ್ 22ರ ತೀರ್ಪು, ರಾಜ್ಯಕ್ಕೂ ಜಿಲ್ಲೆಗೂ ಒಂದೊಂದು ದೂರು ಪ್ರಾಧಿಕಾರವಿರಲೆಂದು, ಜಿಲ್ಲೆಯದಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಮುಖ್ಯರಾಗಿರಲೆಂದು ವಿಧಿಸಿತು. ಕರ್ನಾಟಕವು 2012ರಲ್ಲಿ ತನ್ನ ಪೋಲೀಸ್ ಅಧಿನಿಯಮವನ್ನು ತಿದ್ದಿ ಈ ಪ್ರಾಧಿಕಾರಗಳಿಗೆ ಎಡೆಮಾಡಿತು.

ಹೊಳಲ್ಕೆರೆಯಿಂದ ದುರ್ಗಕ್ಕೆ ಬಸ್ಸು ಹೊರಡುವ ಮುನ್ನ ಬಯಲು ಗಣಪತಿಗೆ ಕೈಮುಗಿಯುವವರುಂಟು. ಬಸ್ಸಿನೊಳಗೆ ಎಸ್.ಪಿ. ಕಚೇರಿ ಎಲ್ಲಿದೆಯೆಂದು ಕೇಳಿದರೆ ಹತ್ತು ಮಂದಿ ದಾರಿ ತೋರಿಸಿಯಾರು. ದೂರು ಪ್ರಾಧಿಕಾರ ಎಲ್ಲಿದೆಯೆಂದು ಕೇಳಿದರೆ ಅವರು ಒಬ್ಬರ ಮುಖವನ್ನೊಬ್ಬರು ನೋಡಿಯಾರು.