ಅಮ್ಮನ ಬೆರಳೂ ಒಂದು ಲೋಟ ಕಾಫಿಯೂ

ದೀಪಾವಳಿ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಮೂರು ಸಲ ಫೋನ್ ಮಾಡಿದರು. ದೀಪಾವಳಿ ಅಂದಮೇಲೆ ಬೆಳಕಿನ ಬಗ್ಗೆಯೇ ಬರೆಯೋಣ ಎಂದುಕೊಂಡೆವು. ಹಣತೆಯ ಬೆಳಕಲ್ಲ, ಮನುಷ್ಯರ ಚರ್ಮದೊಳಗೆ ಹೊಕ್ಕು ದಾರಿ ತಪ್ಪುವ ಬೆಳಕು. ಓದುಗರು ಗಾಬರಿಯಾಗಬೇಡಿ, ಗಣಿತವಿಲ್ಲ. ಕಾಫಿ ಇದೆ.

ನಾವಿಬ್ಬರೂ ಪರ್ತ್‌ಗೆ ಬಂದಿಳಿದದ್ದು 1993ರಲ್ಲಿ. ಮರುವರ್ಷ ಮಗಳು ಹುಟ್ಟಿದಳು. ಆರನೇ ವಾರದ ತಪಾಸಣೆಗೆ ಕರೆದುಕೊಂಡು ಹೋದಾಗ ನರ್ಸಮ್ಮ ಮಗುವಿನ ಬಟ್ಟೆ ಬಿಚ್ಚಿ ಒಂದು ಕ್ಷಣ ಸುಮ್ಮನಾದರು. ಸೊಂಟದ ಕೆಳಗೆ ಎರಡು ಬೆರಳಗಲ ನೀಲಿ ಮಚ್ಚೆ. "ಇದು ಹೇಗಾಯಿತು? ಮಗು ಎಲ್ಲಾದರೂ ಬಿತ್ತೇ?" ಹುಟ್ಟಿದಾಗಿನಿಂದ ಇದೆ ಎಂದೆವು. ಆಕೆ ಏನನ್ನೋ ಬರೆದುಕೊಂಡು ಇನ್ನೊಬ್ಬರನ್ನು ಕರೆದರು. ನಮ್ಮಿಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂಡಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಬಂದು ಇನ್ನೂ ಎರಡು ವರ್ಷವಾಗಿರಲಿಲ್ಲ, ಇಂಗ್ಲಿಷ್ ಬೇರೆ ತಡವರಿಸುತ್ತಿತ್ತು. ಹೆತ್ತವರೇ ಮಗುವಿಗೆ ಹೊಡೆದಿದ್ದಾರೆ ಎಂದು ಅವರಿಗೆ ಅನುಮಾನ ಬಂದಿದೆ ಎಂಬುದು ನಮಗೆ ಅರ್ಥವಾಗುವ ಹೊತ್ತಿಗೆ ಕೈಕಾಲು ತಣ್ಣಗಾಗಿತ್ತು. ಅರ್ಧ ಗಂಟೆಯ ಮೇಲೆ ವಯಸ್ಸಾದ ಡಾಕ್ಟರೊಬ್ಬರು ಬಂದು ನೋಡಿ, ಏಷ್ಯಾದ ಮಕ್ಕಳಲ್ಲಿ ಇದು ಸಾಮಾನ್ಯ, ತಾನಾಗಿಯೇ ಮಾಯವಾಗುತ್ತದೆ ಎಂದು ನಕ್ಕರು. ನಮಗೆ ನಗು ಬರಲಿಲ್ಲ.

ಊರಲ್ಲಾಗಿದ್ದರೆ ಅಜ್ಜಿ "ಹುಟ್ಟು ಮಚ್ಚೆ" ಎಂದು ಅಷ್ಟಕ್ಕೇ ಮುಗಿಸುತ್ತಿದ್ದರು. ಆದರೆ ಅದು ನೀಲಿ ಏಕೆ? ಅಲ್ಲಿರುವುದು ನಮ್ಮ ಕೂದಲಿಗೆ ಕಪ್ಪು ಕೊಡುವ ಅದೇ ಮೆಲನಿನ್. ಸಾಮಾನ್ಯವಾಗಿ ಅದು ಮೇಲುಚರ್ಮದಲ್ಲಿರುತ್ತದೆ, ಈ ಮಚ್ಚೆಯಲ್ಲಿ ಮಾತ್ರ ಆಳದಲ್ಲಿ ಉಳಿದಿರುತ್ತದೆ. ಬಿಳಿಯ ಬೆಳಕು ಚರ್ಮಕ್ಕೆ ಬಿದ್ದಾಗ ಅದರ ನೀಲಿ ಪಾಲು ಮೇಲುಮೇಲೆಯೇ ಚದುರಿ ನಮ್ಮ ಕಣ್ಣಿಗೆ ಮರಳುತ್ತದೆ. ಕೆಂಪು ಪಾಲು ಆಳಕ್ಕೆ ಇಳಿದು ಮೆಲನಿನ್ನಿಗೆ ಸಿಕ್ಕಿ ಅಲ್ಲೇ ಮುಗಿಯುತ್ತದೆ. ಸಮುದ್ರದ ನೀಲಿ ಆಕಾಶದ ಬರಿಯ ಪ್ರತಿಬಿಂಬವಲ್ಲ, ನೀರೇ ಬೆಳಕನ್ನು ಚದುರಿಸುತ್ತದೆ ಎಂದು 1921ರ ಹಡಗು ಪ್ರಯಾಣದಲ್ಲಿ ತಲೆ ಕೆಡಿಸಿಕೊಂಡವರು ಸಿ. ವಿ. ರಾಮನ್. ಮುಂದೆ 1933ರಲ್ಲಿ ಬೆಂಗಳೂರಿಗೆ ಬಂದು ಅಲ್ಲಿಯವರೇ ಆದರು. ಚದುರುವ ಬೆಳಕಿನ ವಿಷಯಕ್ಕೆ ನಮ್ಮೂರ ನಂಟೂ ಇದೆ ಎಂದು ಹೇಳಿಕೊಳ್ಳಲು ಇಷ್ಟು ಸಾಕು!

ಆ ಹೊತ್ತಿಗೆ ನಮ್ಮಲ್ಲೊಬ್ಬರಿಗೆ ಪ್ರಯೋಗಾಲಯವೊಂದರಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. (ಯಾರಿಗೆ ಎಂದು ಹೇಳುವುದಿಲ್ಲ, ಇನ್ನೊಬ್ಬರು ಆಗ ಮನೆಯಲ್ಲಿ ಮಗುವನ್ನು ನೋಡಿಕೊಳ್ಳುತ್ತಿದ್ದರು.) ಕೆಲಸ ಏನೆಂದರೆ ನಕಲಿ ಮಾಂಸ ತಯಾರಿಸುವುದು. ಉಪಕರಣಗಳನ್ನು ಮೊದಲು ಮನುಷ್ಯರ ಮೇಲೆ ಪರೀಕ್ಷಿಸುವುದಿಲ್ಲ. ರೋಗಿಗಳ ರಕ್ತನಾಳಕ್ಕೆ ಕೊಡುವ ಇಂಟ್ರಾಲಿಪಿಡ್ ಎಂಬ ಹಾಲಿನಂಥ ಕೊಬ್ಬಿನ ದ್ರವಕ್ಕೆ ಅಳತೆ ಮಾಡಿ ಕಪ್ಪು ಮಸಿ ಬೆರೆಸಿದರೆ ಬೆಳಕಿನ ಪಾಲಿಗೆ ಅದು ಮಾಂಸದಂತೆಯೇ ವರ್ತಿಸುತ್ತದೆ. ಆ ಮಸಿಯ ಹೆಸರು ಇಂಡಿಯಾ ಇಂಕ್. ಹೆಸರು ನೋಡಿ ನಮ್ಮ ಕೈಗೇ ಕೊಟ್ಟರೋ ಏನೋ.

ಇಲ್ಲಿಗೆ ಕಾಫಿ ಬಂತು. ಹಾಲು ಬೆಳ್ಳಗಿರುವುದು ಅದರಲ್ಲಿ ಬಿಳಿ ಬಣ್ಣವಿದೆ ಎಂದಲ್ಲ, ಕೊಬ್ಬಿನ ಮತ್ತು ಪ್ರೋಟೀನಿನ ಕಣಗಳು ಬೆಳಕನ್ನು ಎಲ್ಲ ಕಡೆಗೂ ಚದುರಿಸುತ್ತವೆ ಎಂದು. ಡಿಕಾಕ್ಷನ್ ಕಪ್ಪಗಿರುವುದು ಅದು ಬೆಳಕನ್ನು ಹೀರಿಕೊಳ್ಳುತ್ತದೆ ಎಂದು. ಎರಡೂ ಬೆರೆತ ಲೋಟವನ್ನು ಕೊಟ್ಟು, ರುಚಿ ನೋಡದೆ, ಹಾಲೆಷ್ಟು ಡಿಕಾಕ್ಷನ್ ಎಷ್ಟು ಹೇಳಿ ಎಂದರೆ? ಬಣ್ಣ ಒಂದನ್ನೇ ನೋಡಿ ಹೇಳಲಾಗದು, ಏಕೆಂದರೆ ಹಾಲು ಕಡಿಮೆಯಾದರೂ ಡಿಕಾಕ್ಷನ್ ಹೆಚ್ಚಾದರೂ ಕಾಫಿ ಕಪ್ಪಾಗುತ್ತದೆ. ಅದಕ್ಕೇ ಎರಡು ಅಳತೆ ಬೇಕು. ಒಳಗೆಲ್ಲ ಬಿಳಿ ಬಳಿದ ಟೊಳ್ಳು ಗೋಳದಲ್ಲಿ, ತೆಳ್ಳಗೆ ಕತ್ತರಿಸಿದ ಮಾಂಸದಿಂದ ಹಿಂದಕ್ಕೆ ಬಂದ ಬೆಳಕೆಷ್ಟು, ದಾಟಿ ಹೋದದ್ದೆಷ್ಟು ಎಂದು ಹಿಡಿದಿಡುತ್ತಾರೆ. ಅದರಿಂದ ಚದುರಿಕೆ, ಹೀರಿಕೆ ಎರಡನ್ನೂ ಲೆಕ್ಕ ಹಾಕಿ ಬೇರ್ಪಡಿಸುತ್ತಾರೆ. ನಮ್ಮ ಮೈಯಲ್ಲಿ ಕೆಂಪು ಬೆಳಕು ಸುಮಾರು ಹತ್ತನೇ ಒಂದು ಮಿಲಿಮೀಟರಿಗೊಮ್ಮೆ ಡಿಕ್ಕಿ ಹೊಡೆಯುತ್ತದೆ. ಒಂದು ಮಿಲಿಮೀಟರ್ ದಾಟುವಷ್ಟರಲ್ಲಿ ಹೊರಟ ದಿಕ್ಕು ಮರೆತಿರುತ್ತದೆ, ದಸರಾ ಜಾತ್ರೆಯಲ್ಲಿ ಕೈ ಬಿಟ್ಟ ಮಗುವಿನ ಹಾಗೆ.

2001ರಲ್ಲಿ ಬ್ರಿಸ್ಬೇನ್‌ಗೆ ಹೋದೆವು. ಅಲ್ಲಿ ಚರ್ಮದ ಕ್ಯಾನ್ಸರಿನ ಭಯ ಜಾಸ್ತಿ, ಎಲ್ಲರೂ ಮಚ್ಚೆ ತೋರಿಸಿಕೊಳ್ಳಲು ಹೋಗುತ್ತಾರೆ. ನಾವೂ ಹೋದೆವು. "ನಿಮಗೇನು, ಹುಟ್ಟುವಾಗಲೇ ಸನ್‌ಸ್ಕ್ರೀನ್ ಹಚ್ಚಿಕೊಂಡು ಬಂದಿದ್ದೀರಿ" ಎಂದು ಡಾಕ್ಟರು ಎರಡು ನಿಮಿಷದಲ್ಲಿ ಕಳಿಸಿಬಿಟ್ಟರು. ಅಂಗಾಲು ನೋಡಲೇ ಇಲ್ಲ. ನಮ್ಮಂಥವರಲ್ಲಿ ಮೆಲನೋಮ ಅಪರೂಪ ನಿಜ, ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ ಬರುತ್ತದೆ. ನಿಮ್ಮ ಅಂಗಾಲು ನೀವೇ ನೋಡಿಕೊಳ್ಳಿ.

2012ರಿಂದ ಅಡಿಲೇಡ್ ನಮ್ಮೂರು. 1896ರಲ್ಲಿ ಇಲ್ಲಿಯ ಪ್ರೊಫೆಸರ್ ವಿಲಿಯಂ ಬ್ರಾಗ್, ಮೂರು ಗಾಲಿಯ ಸೈಕಲ್ಲಿನಿಂದ ಬಿದ್ದು ಮೊಣಕೈ ಮುರಿದುಕೊಂಡ ಪುಟ್ಟ ಮಗ ಲಾರೆನ್ಸ್‌ನ ಎಕ್ಸ್-ರೇ ತೆಗೆದಿದ್ದರು. ಎಕ್ಸ್-ರೇ ಮಾಂಸದಲ್ಲಿ ಹೆಚ್ಚುಕಡಿಮೆ ನೇರ ಹೋಗುತ್ತದೆ, ನೆರಳು ಬೀಳಿಸುತ್ತದೆ. ಬೆಳಕಿಗೆ ಆ ಶಿಸ್ತಿಲ್ಲ. ಆದರೂ ಮನುಷ್ಯರು ಬಿಟ್ಟಿಲ್ಲ. ಅಡಿಲೇಡ್ ವಿಶ್ವವಿದ್ಯಾಲಯದ ಪ್ರೊಫೆಸರ್ ರಾಬರ್ಟ್ ಮೆಕ್‌ಲಾಕ್ಲಿನ್ ಅವರ ತಂಡ ಕೂದಲೆಳೆಯಷ್ಟು ಸಣ್ಣ ಬೆಳಕಿನ ತಂತಿಯನ್ನು ಸೂಜಿಯೊಳಗೆ ಕೂಡಿಸಿ, ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ಸೂಜಿ ಮುಂದಿನ ರಕ್ತನಾಳವನ್ನು ಚುಚ್ಚುವ ಮೊದಲೇ ಗುರುತಿಸುವಂತೆ ಮಾಡಿತು. ನಮ್ಮ ಹಳೆಯ ಊರು ಪರ್ತ್‌ನ ಸರ್ ಚಾರ್ಲ್ಸ್ ಗಾರ್ಡ್ನರ್ ಆಸ್ಪತ್ರೆಯಲ್ಲಿ 12 ರೋಗಿಗಳ ಮೇಲೆ ಅದರ ಪ್ರಯೋಗ ನಡೆದ ಸುದ್ದಿ 2017ರಲ್ಲಿ ಪೇಪರಿನಲ್ಲಿ ಬಂದಾಗ ಮಸಿ ಕಲಸಿದ ಕೈಗೆ ಸುಮ್ಮನೆ ಹೆಮ್ಮೆ.

ಇನ್ನು ಅಮ್ಮನ ವಿಷಯ. (ಯಾರ ಅಮ್ಮ ಎಂಬ ಲೆಕ್ಕ ನಮ್ಮ ಮನೆಯಲ್ಲಿ ಬಿಟ್ಟು ಹೋಗಿದೆ.) ಗಡಿ ತೆರೆದ ಮೇಲೆ, 2022ರ ಮೇ ತಿಂಗಳಲ್ಲಿ, ಸಾಗರದಿಂದ ಬಂದರು. ಜುಲೈ ಚಳಿಯಲ್ಲಿ ಕೊರೊನಾ ಹಿಡಿಯಿತು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 93, 94 ತೋರಿಸುತ್ತಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಅವರದ್ದೂ 93. ಪರವಾಗಿಲ್ಲ, ಮನೆಯಲ್ಲೇ ನೋಡಿಕೊಳ್ಳಿ ಎಂದರು. ಅಮ್ಮ ಮಾತಿನ ಮಧ್ಯೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದರು. ಯಾರ ಮಾತಿಗೂ ಎದುರಾಡದ ನಾವು ಆ ರಾತ್ರಿ ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ಒಬ್ಬ ಕಿರಿಯ ಡಾಕ್ಟರು ಮಣಿಕಟ್ಟಿನ ಧಮನಿಯಿಂದ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ 87. ಹತ್ತು ನಿಮಿಷದಲ್ಲಿ ಆಮ್ಲಜನಕ ಹಚ್ಚಿದರು.

ಈ ಆರರ ವ್ಯತ್ಯಾಸ ಎಲ್ಲಿಂದ ಬಂತು? ಆಕ್ಸಿಮೀಟರ್ ಎರಡು ಬೆಳಕು ಹಾಯಿಸುತ್ತದೆ: 660 ನ್ಯಾನೊಮೀಟರಿನ ಕೆಂಪು, ಸುಮಾರು 940ರ ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕೆಂಪನ್ನು ಅಷ್ಟಾಗಿ ಹೀರುವುದಿಲ್ಲ, ಹೊರದ್ದು ಚೆನ್ನಾಗಿ ಹೀರುತ್ತದೆ. ಇನ್‌ಫ್ರಾರೆಡ್‌ನಲ್ಲಿ ಇದು ತಿರುವುಮುರುವು. ಮೂಳೆ, ಮಾಂಸ, ಚರ್ಮ ಹೀರುವುದು ಬದಲಾಗುವುದಿಲ್ಲ, ನಾಡಿಯ ಜೊತೆ ಏರಿಳಿಯುವುದು ಧಮನಿಯ ರಕ್ತ ಮಾತ್ರ. ಆ ಏರಿಳಿತವನ್ನಷ್ಟೇ ಆರಿಸಿಕೊಂಡರಾಯಿತು ಎಂದು ಕಂಡುಕೊಂಡವರು ಜಪಾನಿನ ಟಕುವೊ ಅಯೋಯಾಗಿ, 1974ರ ಹೊತ್ತಿಗೆ. ಅವರು ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಪ್ರಪಂಚವೆಲ್ಲ ಅವರ ಯಂತ್ರಕ್ಕಾಗಿ ಅಂಗಡಿಗೆ ಮುಗಿಬಿದ್ದಿದ್ದಾಗ.

ತತ್ತ್ವದಲ್ಲಿ ಚರ್ಮದ ಬಣ್ಣ ಲೆಕ್ಕದಿಂದ ಬಿಟ್ಟು ಹೋಗಬೇಕು. ಆದರೆ ಬೆರಳೊಳಗೆ ಬೆಳಕು ನೇರ ಹೋಗುವುದಿಲ್ಲವಲ್ಲ! ಎಷ್ಟು ಅಲೆದಿದೆ ಎಂದು ಯಂತ್ರಕ್ಕೆ ಗೊತ್ತಿಲ್ಲ. ಅದಕ್ಕೆ ತಯಾರಕರು ಆರೋಗ್ಯವಂತರಿಗೆ ಆಮ್ಲಜನಕ ಕಡಿಮೆಯ ಗಾಳಿ ಉಸಿರಾಡಿಸಿ, ಧಮನಿಯ ರಕ್ತದೊಂದಿಗೆ ತಾಳೆ ನೋಡಿ, ಒಂದು ಕೋಷ್ಟಕ ಮಾಡಿ ಯಂತ್ರದೊಳಗೆ ಇಟ್ಟಿರುತ್ತಾರೆ. ಯಾರ ಬೆರಳಿನಿಂದ ಆ ಕೋಷ್ಟಕ ಹುಟ್ಟಿತು ಎಂಬುದೇ ಪ್ರಶ್ನೆ. ಅಮೆರಿಕದ ಎಫ್‌ಡಿಎ 2013ರಲ್ಲಿ ಕೇಳಿದ್ದು ಕನಿಷ್ಠ ಹತ್ತು ಜನ, ಅದರಲ್ಲಿ ಕಪ್ಪು ಮೈಬಣ್ಣದವರು ಕನಿಷ್ಠ ಇಬ್ಬರು. ಕಪ್ಪು ಜನರಲ್ಲಿ ಈ ಯಂತ್ರ ಎಡವುತ್ತದೆ ಎಂದು 1990ರಲ್ಲೇ ಬರೆದವರಿದ್ದರು. 2020ರ ಡಿಸೆಂಬರಿನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಡಾಕ್ಟರುಗಳು ಅಂಕಿ ಕೊಟ್ಟ ಮೇಲೆಯೇ ಗದ್ದಲವಾಯಿತು: ಯಂತ್ರ 92ರಿಂದ 96 ತೋರಿಸುತ್ತಿದ್ದಾಗ ರಕ್ತದಲ್ಲಿ 88ಕ್ಕಿಂತ ಕಡಿಮೆ ಇದ್ದದ್ದು ಬಿಳಿಯರಲ್ಲಿ ನೂರಕ್ಕೆ 3.6, ಕಪ್ಪು ಜನರಲ್ಲಿ 11.7. ನಮ್ಮ ಗೋಧಿ, ಎಣ್ಣೆಗೆಂಪು ಬಣ್ಣಗಳು ಇವೆರಡರ ನಡುವೆ ಎಲ್ಲೋ ಇವೆ. ಅಮ್ಮನ ಆರು ಅಂಕಿಗೂ ಮೈಬಣ್ಣವೊಂದೇ ಕಾರಣವೆಂದು ನಾವು ಆಣೆ ಮಾಡುವುದಿಲ್ಲ, ಆ ರಾತ್ರಿ ಅವರ ಬೆರಳು ಐಸ್‌ನಂತೆ ತಣ್ಣಗಿತ್ತು, ಅದೂ ಯಂತ್ರವನ್ನು ಕೆಡಿಸುತ್ತದೆ. 2025ರ ಜನವರಿಯ ಹೊಸ ಕರಡಿನಲ್ಲಿ ಎಫ್‌ಡಿಎ ಹತ್ತರ ಬದಲು 150 ಜನ ಎಂದಿದೆ.

ಅಮ್ಮ ಒಂಬತ್ತು ದಿನಕ್ಕೆ ಮನೆಗೆ ಬಂದರು. ಈಗ ಸಾಗರದಲ್ಲಿದ್ದಾರೆ. ಆರೋಗ್ಯವಾಗಿದ್ದಾಗ ತಮ್ಮ ಸಂಖ್ಯೆ ಎಷ್ಟಿರುತ್ತದೆ ಎಂದು ತಿಳಿದಿರಲಿ, ಕೆಟ್ಟಾಗ ಹೋಲಿಸಿ ನೋಡಬಹುದು ಎಂದು ಯಂತ್ರವನ್ನು ಜೊತೆಗೇ ಕಳಿಸಿದ್ದೇವೆ. ಹಾಲಿನ ಲೆಕ್ಕದ ಪುಸ್ತಕದಲ್ಲೇ ಅದನ್ನೂ ಬರೆಯುತ್ತಾರೆ. ಕಳೆದ ಭಾನುವಾರ ಫೋನಿನಲ್ಲಿ "ಇವತ್ತು ತೊಂಬತ್ತೇಳು" ಎಂದರು. ಆಮೇಲೆ ಸ್ವಲ್ಪ ಯೋಚಿಸಿ, "ಅದ್ರಲ್ಲಿ ಎಷ್ಟು ಕಳೀಬೇಕು?" ಎಂದು ಕೇಳಿದರು.