ಪರೀಕ್ಷೆಯ ಕೋಣೆಯಲ್ಲಿ ಯಾರ ದನಿ?

ಪರೀಕ್ಷೆ ಅಂದರೆ ನಮಗೆ ಹೊಟ್ಟೆ ತೊಳಸುತ್ತಿತ್ತು. ಓದಿರಲಿಲ್ಲ ಅಂತಲ್ಲ, ಬೇರೆಯವರಿಗಿಂತ ಒಂದು ಕೈ ಹೆಚ್ಚೇ ಓದಿದ್ದೆವು. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಒಳಗಿನಿಂದ ಒಂದು ದನಿ ಏಳುತ್ತಿತ್ತು: "ನಿನಗೆ ಇದೆಲ್ಲ ತಲೆಗೆ ಹೋಗುದಿಲ್ಲ ಮಾರಾಯ, ತೋಟದ ಕೆಲಸಕ್ಕೆ ಹೋಗು."

ನಾವು ಎಂದರೆ ಪುತ್ತೂರಿನ ಒಂದು ಹಾಸ್ಟೆಲಿನ ಒಂದೇ ಕೋಣೆಯ ಮೂವರು. ಒಬ್ಬ ಪುತ್ತೂರಿನ ಹೊರಗಿನ ಕಾಲನಿಯವ. ಒಬ್ಬ ಕಡಬದವ, ಅವನ ಬಸ್ಸು ಕುಮಾರಧಾರೆ ದಾಟಿ ಬರಬೇಕು. ಇನ್ನೊಬ್ಬ ಸುಳ್ಯದ ರಬ್ಬರ್ ತೋಟದ ಲೈನ್ ಮನೆಯವ. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ನಂತರ ಸಿಲೋನಿನಿಂದ ಬಂದವರ ಮೊಮ್ಮಗ. ಮೂವರ ಮನೆಯಲ್ಲೂ ಡಿಗ್ರಿಯ ಮೆಟ್ಟಿಲು ಹತ್ತಿದವರಲ್ಲಿ ನಾವೇ ಮೊದಲು.

ಮೊದಲಿಗೆ ಗೋಡೆಯ ಮೇಲೆ ಚೀಟಿ ಅಂಟಿಸಿದೆವು: "ನಾನು ಗೆದ್ದೇ ಗೆಲ್ಲುತ್ತೇನೆ." ಯಾರೋ ಭಾಷಣಕಾರರು ಕಲಿಸಿಹೋದದ್ದು. ನಾವು ಅದನ್ನು ಓದಿದಷ್ಟೂ ಒಳಗಿನ ದನಿ ಕಿಸಕ್ಕನೆ ನಗುತ್ತಿತ್ತು. ಚೀಟಿ ಮಳೆಗಾಲದ ತೇವಕ್ಕೆ ಉದುರಿಹೋಯಿತು, ಪುಣ್ಯ.

ಒಂದು ರಾತ್ರಿ ಕರೆಂಟು ಹೋಗಿ ಮಾತಿಗೆ ಕೂತಾಗ ವಿಷಯ ಹೊಳೆಯಿತು. ನಮ್ಮಲ್ಲಿಬ್ಬರ ಮನೆಮಾತು ತುಳು, ಒಬ್ಬನದು ತಮಿಳು. ಒಳಗಿನ ಬೈಗುಳ ಮಾತ್ರ ಮೂವರಿಗೂ ಶಾಲೆಯ ಕನ್ನಡದಲ್ಲಿ! ಹಾಗಾದರೆ ಅದು ನಮ್ಮ ದನಿಯೇ ಅಲ್ಲ ಗೆಳೆಯರೆ. ಯಾವುದೋ ಮಾಸ್ಟ್ರು, ಯಾವುದೋ ಧಣಿ ಎಂದೋ ಬಿತ್ತಿದ ಮಾತು. ನಮ್ಮ ತಲೆಯಲ್ಲಿ ಬಾಡಿಗೆ ಕೊಡದೆ ಕೂತಿತ್ತು.

ಇದು ಬರೀ ನಮ್ಮ ಕಲ್ಪನೆಯೂ ಅಲ್ಲ. ಉತ್ತರ ಪ್ರದೇಶದ ಹಳ್ಳಿಯಲ್ಲಿ ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಎಂಬಿಬ್ಬರು ಆರು-ಏಳನೆಯ ತರಗತಿಯ ಹುಡುಗರಿಗೆ ಕಾಗದದ ಮೇಲಿನ ಸಿಕ್ಕುದಾರಿ ಬಿಡಿಸಲು ಕೊಟ್ಟರು. ಜಾತಿ ಎತ್ತದಿದ್ದಾಗ ಮೇಲ್ಜಾತಿ, ಕೆಳಜಾತಿಯ ಹುಡುಗರು ಹೆಚ್ಚುಕಮ್ಮಿ ಸಮಸಮ. ಎಲ್ಲರ ಎದುರು ಜಾತಿ ಓದಿ ಹೇಳಿದ ಮೇಲೆ ಕೆಳಜಾತಿಯ ಹುಡುಗರು ಹಿಂದೆ ಬಿದ್ದರು. 2006ರಲ್ಲಿ ಅಚ್ಚಾದ ಅಧ್ಯಯನ. ತಲೆ ಅದೇ, ಕೈ ಅದೇ!

ಮದ್ದು ಸಿಕ್ಕಿದ್ದು ಅಪ್ಪೆಯ ತಡಪೆಯಲ್ಲಿ. ನಮ್ಮಲ್ಲೊಬ್ಬನ ಅಪ್ಪೆ ಬೀಡಿ ಕಟ್ಟುವವಳು. ಇಪ್ಪತ್ತೈದಕ್ಕೆ ಒಂದು ಕಟ್ಟು. ಸಾವಿರ ಅಂತ ನೆನೆಸಿದರೆ ಕೈ ಸೋಲ್ತದೆ, ಅದಕ್ಕೆ ಅವಳು "ಈ ಕಟ್ಟೊಂದು ಮುಗೀಲಿ" ಅಂತ ತನಗೆ ತಾನೇ ಗೊಣಗುತ್ತಾ ಕೂರುತ್ತಾಳೆ. ನಾವೂ ಹಾಗೇ ಶುರು ಮಾಡಿದೆವು. ಇಡೀ ಪುಸ್ತಕ ಬೇಡ, ಈ ಎರಡು ಪುಟ. ಮನಸ್ಸು ಓಡಿದರೆ ಬೈಯುವುದಿಲ್ಲ, "ಬಾ, ಈ ಕಟ್ಟು ಬಾಕಿ ಉಂಟು" ಅಂತ ಕರೆಯುವುದು.

ಪರೀಕ್ಷೆಯ ದಿನ ನಮ್ಮ ಹೆಸರನ್ನು ನಾವೇ ಕರೆದುಕೊಂಡೆವು, ಮನೆಯಲ್ಲಿ ಕರೆಯುವ ಹಾಗೆ. ಇಬ್ಬರು "ಪೋಡ್ಯೊಡ್ಚಿ ಮಗಾ" ಅಂದುಕೊಂಡರು, ಸುಳ್ಯದವ "ಬಯಪ್ಪಡಾದೆ" ಅಂದ. ಎರಡರ ಅರ್ಥವೂ ಹೆದರಬೇಡ ಅಂತಲೇ. ಒತ್ತಡದ ಹೊತ್ತಿನಲ್ಲಿ 'ನಾನು' ಅನ್ನದೆ ತನ್ನ ಹೆಸರು ಹಿಡಿದು ತನಗೇ ಮಾತಾಡಿಕೊಂಡರೆ ಕಳವಳ ತಗ್ಗುತ್ತದೆಂದು ಅಮೆರಿಕದ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಬರೆದದ್ದನ್ನು ನಾವು ಓದಿದ್ದು ಆಮೇಲೆ. ಹಳೆಯ ದನಿ ಆ ದಿನವೂ ಬಂತು. ಬರಲಿ, ನಾವು ಮೊದಲನೇ ಪ್ರಶ್ನೆ ಬರೆಯುತ್ತಿದ್ದೆವು. ಕೈ ನಡುಗುತ್ತಲೇ ಇತ್ತು, ಅಕ್ಷರ ಮಾತ್ರ ನಿಲ್ಲಲಿಲ್ಲ.

ಇದನ್ನೋದಿ ಯಾರೂ "ಮನಸ್ಸು ಗಟ್ಟಿ ಮಾಡಿದರೆ ಸಾಕು, ಹಾಸ್ಟೆಲು, ವಿದ್ಯಾರ್ಥಿವೇತನ ಯಾಕೆ" ಅಂತ ಭಾಷಣ ಬಿಗಿಯಬಾರದು. ಗಂಜಿ ಬೀಳದ ಹೊಟ್ಟೆಗೆ ಧೈರ್ಯದ ಮಾತು ಕೇಳಿಸುವುದಿಲ್ಲ. ಗೋಣಿಯ ಮೇಲೆ ಕೂತು ಕಲಿತು 1907ರಲ್ಲಿ ಮೆಟ್ರಿಕ್ ಪಾಸಾದ ಬಾಬಾಸಾಹೇಬರು ಗೋಣಿಯನ್ನು ಒಪ್ಪಿಕೊಳ್ಳಲಿಲ್ಲವಲ್ಲ.

ಈಗ ಕಾಲನಿಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳನ್ನು ಸಂಜೆ ಕೂರಿಸಿಕೊಂಡು ಇದನ್ನೇ ಹೇಳುತ್ತೇವೆ. ಮೊನ್ನೆ ಒಬ್ಬಳು ಕೇಳಿದಳು: "ಅಣ್ಣ, ನಮ್ಮ ಮನೆಯಲ್ಲಿ ನನ್ನನ್ನು ಒಳ್ಳೆ ಮಾತಲ್ಲಿ ಕರೆದವರೇ ಇಲ್ಲ. ನಾನು ಯಾರ ದನಿ ನೆನೆಸಲಿ?"

ನಮಗೆ ಬಾಯಿ ಕಟ್ಟಿತು. ಪಕ್ಕದಲ್ಲಿ ಕೂತಿದ್ದ ಹುಡುಗಿ ಲೆಕ್ಕದ ಪುಸ್ತಕದಿಂದ ತಲೆಯೆತ್ತದೆ, "ನಾನು ಕರೀತೇನೆ, ಕೇಳಿಟ್ಟುಕೋ" ಅಂದು ಅವಳ ಹೆಸರನ್ನು ಎರಡು ಸಲ ಕರೆದಳು.