ಮರಕ್ಕೆ ತೂಗಿದ ಅನ್ನದ ಪೊಟ್ಟಣ

ಬೆಂಗಳೂರಿನಿಂದ ಅತ್ತಿಬೆಲೆಯ ಗಡಿ ದಾಟಿದರೆ ಹೊಸೂರು. ತಮಿಳು, ಕನ್ನಡ, ತೆಲುಗು ಮೂರೂ ಒಂದೇ ಅಂಗಡಿಯ ಮುಂದೆ ಕೇಳಿಬರುವ ಊರು ಅದು. ಅಲ್ಲಿಂದ ಸ್ವಲ್ಪ ದೂರದಲ್ಲೇ ತೊರಪಲ್ಲಿ ಅಗ್ರಹಾರ. ನಮ್ಮ ಧರ್ಮಕೇಂದ್ರದ ಯುವಜನರನ್ನು ಕರೆದುಕೊಂಡು ಒಂದು ಶನಿವಾರ ಅಲ್ಲಿಗೆ ಹೋಗಿದ್ದೆ. ಸ್ವತಂತ್ರ ಭಾರತದ ಮೊದಲ ಮತ್ತು ಕೊನೆಯ ಭಾರತೀಯ ಗವರ್ನರ್ ಜನರಲ್ ರಾಜಾಜಿಯವರು 1878ರ ಡಿಸೆಂಬರ್ 10ರಂದು ಹುಟ್ಟಿದ್ದು ಈ ಊರಿನಲ್ಲಿ. ಅವರ ತಂದೆ ಇಲ್ಲಿ ಗ್ರಾಮ ಮುನ್ಸೀಫರಾಗಿದ್ದರು. ಆ ಸಣ್ಣ ಮನೆಯನ್ನು ತಮಿಳುನಾಡು ಸರ್ಕಾರ ಸ್ಮಾರಕವಾಗಿ ಕಾಪಾಡಿಕೊಂಡು ಬಂದಿದೆ. ಹೊಸೂರಿನ ಶಾಲೆಯಲ್ಲಿ, ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಹುಡುಗ ಅಷ್ಟು ದೂರ ಹೋದದ್ದು ಇಂಥ ಮನೆಯಿಂದ ಎಂದರೆ ನಮ್ಮ ಹುಡುಗರಿಗೆ ನಂಬಲಾಗಲಿಲ್ಲ.

ಹೊರಗೆ ಬಂದಾಗ ಪಕ್ಕದ ಬೀದಿಯ ಜಗಲಿಯಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ತೆಲುಗು ಬೆರೆತ ಕನ್ನಡದಲ್ಲಿ, "ಊಟ ಆಯ್ತಾ ಮಕ್ಕಳಾ?" ಎಂದರು. ಯಾರು, ಯಾವ ಜಾತಿ, ಎಲ್ಲಿಂದ ಬಂದಿರಿ ಎಂದು ಕೇಳಲಿಲ್ಲ. ಆ ಒಂದು ಮಾತು ನನಗೆ ಚುಚ್ಚಿತು. ಕಾರಣ ಹೇಳುತ್ತೇನೆ.

ಅದಕ್ಕೂ ಹಿಂದಿನ ವರ್ಷ ನಮ್ಮ ಕಾಲೇಜು ಹುಡುಗ ಹುಡುಗಿಯರು ಒಂದು ಯೋಜನೆ ತಂದಿದ್ದರು. 2024ರ ಜುಲೈನಲ್ಲಿ ವಯನಾಡಿನಲ್ಲಿ ಭೂಕುಸಿತವಾದಾಗ ಕೇರಳದ ಯುವಜನರು ಬಿರಿಯಾನಿ ಮಾರಿ ಪರಿಹಾರಕ್ಕೆ ಹಣ ಕೂಡಿಸಿದ್ದನ್ನು ಅವರು ನೋಡಿದ್ದರು. "ಸ್ವಾಮಿ, ನಾವು ಅಡುಗೆ ಮಾಡುವುದು ಬೇಡ. ಹೆದ್ದಾರಿಯ ಹೋಟೆಲಿನವರನ್ನೇ ಕೇಳೋಣ. ನಮ್ಮ ಜನ ಅಲ್ಲಿ ಊಟ ಮಾಡಲಿ, ಬಿಲ್ಲಿನಲ್ಲಿ ಒಂದು ಪಾಲು ಅವರು ಕೊಡಲಿ" ಎಂದರು. ನಮ್ಮದೇ ಧರ್ಮಕೇಂದ್ರದ ಒಬ್ಬಳು ಹುಡುಗಿ ನರ್ಸಿಂಗ್ ಓದುತ್ತಿದ್ದಳು. ತಂದೆ ಕಟ್ಟಡದ ಕೆಲಸದಲ್ಲಿ ಬಿದ್ದು ಹಾಸಿಗೆ ಹಿಡಿದಿದ್ದರು. ಅವಳ ಶುಲ್ಕ ಕಟ್ಟಬೇಕಿತ್ತು. ನಾನು ಸಂತೋಷದಿಂದ ಒಪ್ಪಿದೆ.

ಮೊದಲ ಪಾಠ ಕಲಿಸಿದವರು ಒಬ್ಬ ಸಣ್ಣ ಹೋಟೆಲಿನ ಯಜಮಾನರು. ನಾವು ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರೂ ಬರುತ್ತೇವೆ ಎಂದೆವು. ಅವರು ನಕ್ಕು, "ಭಾನುವಾರ ನನಗೆ ಜನ ಇದ್ದೇ ಇರ್ತಾರೆ ಸ್ವಾಮಿ. ನಿಮ್ಮಿಂದ ದಿನದ ಗಿರಾಕಿ ವಾಪಸ್ ಹೋಗ್ತಾನೆ. ಮಂಗಳವಾರ ರಾತ್ರಿ ಬನ್ನಿ, ಅವತ್ತು ಕುರ್ಚಿ ಖಾಲಿ" ಎಂದರು. ದಾನ ಕೇಳಲು ಹೋದವರು ಕೊಡುವವನ ಕಷ್ಟವನ್ನು ಯೋಚಿಸಿರಲೇ ಇಲ್ಲ. ಅಕ್ಕಿ, ಗ್ಯಾಸ್, ಆಳಿನ ಸಂಬಳ ಕಳೆದು ಅವರಿಗೆ ಉಳಿಯುವುದೇ ಅಷ್ಟಿಷ್ಟು. ಅದರಲ್ಲಿ ನಮಗೆ ಪಾಲು.

ಮಂಗಳವಾರವೇ ಮಾಡಿದೆವು. ಜನ ಬಂದರು, ಹಣವೂ ಬಂತು. ಆದರೆ ನಾನು ಒಂದು ದೊಡ್ಡ ತಪ್ಪು ಮಾಡಿದ್ದೆ. ಆ ಹುಡುಗಿಯ ಭಾವಚಿತ್ರ, ಹೆಸರು, ಮನೆಯ ಕಷ್ಟ ಎಲ್ಲವನ್ನೂ ಅಚ್ಚು ಹಾಕಿಸಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಅಂಟಿಸಲು ನಾನೇ ಹೇಳಿದ್ದೆ. ಎರಡು ವಾರ ಕಳೆದು ಅವಳ ತಾಯಿ ಪೂಜೆಯ ನಂತರ ಬಂದು ಹೇಳಿದರು: "ದುಡ್ಡು ಸಿಕ್ತು ಸ್ವಾಮಿ, ದೇವರು ಒಳ್ಳೇದು ಮಾಡ್ಲಿ. ಆದ್ರೆ ಮಗಳು ಆ ರಸ್ತೇಲಿ ಓಡಾಡೋದು ಬಿಟ್ಟಿದ್ದಾಳೆ." ಅವಳು ಯುವಜನರ ಕೂಟಕ್ಕೆ ಬರುವುದನ್ನೂ ನಿಲ್ಲಿಸಿದ್ದಳು. ಅವಳ ಶುಲ್ಕ ಕಟ್ಟಿದೆವು, ಅವಳ ಮಾನ ತೆಗೆದೆವು.

ತೊರಪಲ್ಲಿಯಲ್ಲಿ ನಾನು ಹುಡುಗರಿಗೆ ಒಂದು ಕಥೆ ಹೇಳಿದೆ. 1930ರ ಏಪ್ರಿಲ್ 13ರಂದು ರಾಜಾಜಿಯವರು ಸತ್ಯಾಗ್ರಹಿಗಳ ಜೊತೆ ತಿರುಚಿನಾಪಳ್ಳಿಯಿಂದ ವೇದಾರಣ್ಯದ ಕಡಲಿಗೆ ಉಪ್ಪಿಗಾಗಿ ನಡೆದರು. ತಂಜಾವೂರಿನ ಕಲೆಕ್ಟರ್ ಥಾರ್ನ್, ಇವರಿಗೆ ಅನ್ನ, ಆಶ್ರಯ ಕೊಟ್ಟವರಿಗೆ ಶಿಕ್ಷೆ ಎಂದು ಸಾರಿದ. ಹಳ್ಳಿಯ ಜನ ಏನು ಮಾಡಿದರು ಗೊತ್ತೇ? ಅನ್ನದ ಪೊಟ್ಟಣ ಕಟ್ಟಿ ದಾರಿಯ ಮರದ ಕೊಂಬೆಗಳಿಗೆ ತೂಗುಹಾಕಿದರು. ನಡೆಯುವವರಿಗೆ ಊಟ ಸಿಕ್ಕಿತು. ಕೊಟ್ಟವರು ಯಾರೆಂದು ಪೊಲೀಸರಿಗೂ ತಿಳಿಯಲಿಲ್ಲ, ಉಂಡವರಿಗೂ ತಿಳಿಯಲಿಲ್ಲ.

ಕಥೆ ಮುಗಿಯುವಷ್ಟರಲ್ಲಿ ನನ್ನ ದನಿ ಇಳಿದಿತ್ತು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಯೇಸುಸ್ವಾಮಿ ಕಲಿಸಿದ್ದನ್ನು ಎಷ್ಟೋ ಪ್ರಬೋಧನೆಗಳಲ್ಲಿ ಹೇಳಿದ್ದೇನೆ. ಅದನ್ನು ಆ ಹಳ್ಳಿಯವರು ಮಾಡಿ ತೋರಿಸಿದ್ದರು. ನಾನು ಗಲ್ಲಾಪೆಟ್ಟಿಗೆಯ ಮುಂದೆ ಮರೆತಿದ್ದೆ.

ಮರಳಿ ಬಂದ ಮೇಲೆ ಹುಡುಗರೇ ಹೊಸ ಕ್ರಮ ಮಾಡಿಕೊಂಡರು. ತಪಸ್ಸುಕಾಲದಲ್ಲಿ ಹೋಟೆಲ್ ಊಟ ಬೇಡ. ಪಾಸ್ಖ ಹಬ್ಬ ಕಳೆದು, ಜೂನ್‌ನ ಶುಲ್ಕಕ್ಕೆ ಮೊದಲು ಮಾಡುವುದು. ದಿನವನ್ನು ಹೋಟೆಲಿನವರೇ ಆರಿಸುವುದು. ತೆರಿಗೆ ಬಿಟ್ಟು ಉಳಿದ ಬಿಲ್ಲಿನಲ್ಲಿ ಎಷ್ಟು ಪಾಲು ಎಂಬುದನ್ನು ಮೊದಲೇ ಕಾಗದದಲ್ಲಿ ಬರೆದುಕೊಳ್ಳುವುದು. ನಮ್ಮ ಚೀಟಿ ತೋರಿಸಿದವರ ಬಿಲ್ಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು. ಅದೇ ರಾತ್ರಿ ಇಬ್ಬರು ವಿದ್ಯಾರ್ಥಿಗಳು ಮತ್ತು ಹೋಟೆಲಿನ ಕ್ಯಾಷಿಯರ್ ಕೂಡಿ ಎಣಿಸಿ ಸಹಿ ಹಾಕುವುದು. ವಿದ್ಯಾರ್ಥಿಗಳು ಸರದಿಯಂತೆ ಮೇಜು ಒರೆಸುವುದು. ಪೂರ್ತಿ ಲೆಕ್ಕ ದೇವಾಲಯದ ಸೂಚನಾ ಫಲಕದಲ್ಲಿ: ಬಂದದ್ದೆಷ್ಟು, ಖರ್ಚೆಷ್ಟು, ಎಷ್ಟು ಮಕ್ಕಳಿಗೆ ನೆರವಾಯಿತು. ಹೆಸರು ಮಾತ್ರ ಇಲ್ಲ. ಅದು ವಿನ್ಸೆಂಟ್ ಡಿ ಪೌಲ್ ಸಭೆಯ ಅಧ್ಯಕ್ಷರಿಗೂ ನನಗೂ ಬಿಟ್ಟು ಯಾರಿಗೂ ತಿಳಿಯದು.

ಈ ಸಭೆಯೂ ವಿದ್ಯಾರ್ಥಿಗಳಿಂದಲೇ ಹುಟ್ಟಿದ್ದೆಂಬುದು ನಿಮಗೆ ನೆನಪಿರಲಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಅದನ್ನು ಆರಂಭಿಸಿದಾಗ ಫ್ರೆಡ್ರಿಕ್ ಒಜಾನಮ್‌ಗೆ ಇಪ್ಪತ್ತೇ ವರ್ಷ. ಬಡವರ ಮನೆಗೆ ಹೇಗೆ ಹೋಗಬೇಕೆಂದು ಅವರಿಗೆ ದಾರಿ ತೋರಿಸಿದವರು ಸಿಸ್ಟರ್ ರೊಸಾಲಿ ರೆಂಡು. ಅವರು ಬಡವರನ್ನು ಬೀದಿಗೆ ಕರೆಯಲಿಲ್ಲ, ತಾವೇ ಬಡವರ ಮೆಟ್ಟಿಲು ಹತ್ತಿದರು. ಒಜಾನಮ್ ಅವರನ್ನು 1997ರಲ್ಲಿ, ರೊಸಾಲಿಯವರನ್ನು 2003ರಲ್ಲಿ ಧರ್ಮಸಭೆ ಧನ್ಯರೆಂದು ಘೋಷಿಸಿತು.

ಎರಡನೆಯ ಸಲ ಬಂದ ಹಣ ಮೊದಲಿಗಿಂತ ಕಡಿಮೆ. ಭಾವಚಿತ್ರವಿಲ್ಲದಿದ್ದರೆ ಜನರ ಮನಸ್ಸು ಬೇಗ ಕರಗುವುದಿಲ್ಲ, ಅದು ನಿಜ. ಆದರೂ ಹಾಗೆಯೇ ಮುಂದುವರಿಸಿದ್ದೇವೆ. ನಾನು ಆ ಹುಡುಗಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವಳು ಏನೂ ಹೇಳಲಿಲ್ಲ, ಕಾಫಿ ತಂದು ಕೊಟ್ಟಳು. ಮುಂದಿನ ಹೋಟೆಲ್ ದಿನ ಮೇಜು ಒರೆಸುವವರ ನಡುವೆ ಅವಳೂ ಇದ್ದಳು. ಯಾರು ಕರೆದರೋ ನಾನು ಕೇಳಲಿಲ್ಲ.

ಪ್ರಿಯ ಕುಟುಂಬಗಳೇ, ರಾಜಾಜಿ ತೀರಿಕೊಂಡದ್ದು 1972ರ ಕ್ರಿಸ್ಮಸ್ ದಿನ. ಈ ಸಲ ಕ್ರಿಸ್ಮಸ್‌ಗೆ ನಿಮ್ಮ ಮಕ್ಕಳು ಯಾರಿಗಾದರೂ ನೆರವು ಕೂಡಿಸಲು ಹೊರಟರೆ ತಡೆಯಬೇಡಿ. ಮೊದಲು ಹೋಟೆಲಿನವರ ಕಷ್ಟ ಕೇಳಲು ಹೇಳಿ, ಆಮೇಲೆ ಲೆಕ್ಕ ಬರೆಯಲು ಕಲಿಸಿ. ಕೊನೆಗೆ, ಪೊಟ್ಟಣವನ್ನು ಮರಕ್ಕೆ ತೂಗಿ ಸುಮ್ಮನೆ ಮನೆಗೆ ಬರಲು ಹೇಳಿ.